ನ್ಯಾಸವೆಂದರೇನು?

ರಾಮಾಯಣದ ಕಥೆಯನ್ನು ಕೇಳದ ವಿದ್ಯಾರ್ಥಿಯು ನಮ್ಮ ಶಾಲೆಯಲ್ಲಿ ಇರಲಾರನು. ತಂದೆಯ ಮಾತನ್ನು ಉಳಿಸಲು ಶ್ರೀರಾಮನು ಅರಣ್ಯಕ್ಕೆ ತೆರಳಿದನು. ಅವನನ್ನು ಕರೆತರಲೆಂದು ಚಿತ್ರಕೂಟಕ್ಕೆ ಹೋದ ಭರತನು, ಅದು ಸಾಧ್ಯವಾಗದಿರಲು, ಅಣ್ಣನ ಪಾದುಕೆಗಳನ್ನು ಹೊತ್ತು ಹಿಂದಿರುಗಿದನು. ಅಯೋಧ್ಯೆಯಲ್ಲಿ ನಿಲ್ಲದೆ, ನಂದಿಗ್ರಾಮದಲ್ಲಿ ತಪಸ್ವಿಯ ವೇಷದಿಂದ ನೆಲಸಿ ಹದಿನಾಲ್ಕು ವರ್ಷ ರಾಜ್ಯವನ್ನು ನೋಡಿಕೊಂಡನು. ಆಜ್ಞೆಯನ್ನು ಕೊಡುತ್ತಿದ್ದವನು ಭರತನು, ಬೊಕ್ಕಸದ ಬೀಗದ ಕೈ ಇದ್ದುದು ಭರತನಲ್ಲಿ; ಆದರೂ ರಾಜ್ಯವು ತನ್ನದೆಂದು ಅವನು ಒಂದು ದಿನವೂ ಎಣಿಸಲಿಲ್ಲ. ಅಣ್ಣನು ತನ್ನಲ್ಲಿ ಇರಿಸಿದ ನ್ಯಾಸವಿದು ಎಂಬ ಭಾವನೆಯನ್ನೇ ವಾಲ್ಮೀಕಿಗಳು ಅವನ ಬಾಯಲ್ಲಿ ಇರಿಸಿರುವರು.

ಜನರು ಸಾಮಾನ್ಯವಾಗಿ ಟ್ರಸ್ಟ್ ಎಂದು ಕರೆಯುವ ವ್ಯವಸ್ಥೆಗೆ ನಮ್ಮ ಭಾಷೆಯಲ್ಲಿ ನ್ಯಾಸವೆಂಬ ಈ ಹೆಸರೇ ನಿಂತಿದೆ. ಸ್ವತ್ತು ಒಬ್ಬನ ಕೈಯಲ್ಲಿ, ಅದರ ಫಲವು ಇನ್ನೊಬ್ಬನಿಗೆ: ಇದೇ ನ್ಯಾಸದ ಬೀಜವು. ಇದು ವಕೀಲರಿಗೂ ಶ್ರೀಮಂತರಿಗೂ ಮಾತ್ರ ಸಂಬಂಧಪಟ್ಟ ವಿಷಯವೆಂದು ನಾವು ಬಹುಕಾಲ ತಿಳಿದಿದ್ದೆವು. ಆ ತಿಳಿವಳಿಕೆಯು ತಪ್ಪೆಂದು ನಮಗೆ ಕಲಿಸಿದುದು ನಮ್ಮ ವರ್ಗದಲ್ಲಿಯೇ ನಡೆದ ಒಂದು ಸಂಗತಿ.

ಒಂದು ಸಂಗತಿ

ಕೆಲವು ವರ್ಷಗಳ ಹಿಂದೆ ನಮ್ಮಲ್ಲಿ ಒಬ್ಬ ಹುಡುಗನು ಓದುತ್ತಿದ್ದನು. ಗಣಿತದಲ್ಲಿ ಚುರುಕಾದವನು. ಅವನ ತಂದೆಯವರು ಚಿಕ್ಕದೊಂದು ಹೋಟೆಲನ್ನು ನಡೆಸಿ, ಹೊಟ್ಟೆಬಟ್ಟೆ ಕಟ್ಟಿ, ನಾಲ್ಕು ಕಾಸು ಕೂಡಿಸಿದ್ದರು. ಕಾಯಿಲೆಯು ಉಲ್ಬಣಿಸಿದಾಗ ಅವರು ಆ ಹಣವನ್ನು ತಮ್ಮ ಊರಿನವರೇ ಆದ ಒಬ್ಬ ಸ್ನೇಹಿತರ ಕೈಯಲ್ಲಿಟ್ಟು, ‘ಇದು ಹುಡುಗನ ಓದಿಗೆ ಇರಲಿ’ ಎಂದು ಹೇಳಿದರು. ಕಾಗದವಿಲ್ಲ, ಸಾಕ್ಷಿಯಿಲ್ಲ, ಸ್ನೇಹದಲ್ಲಿ ಅವೇಕೆ ಎಂಬ ನಂಬಿಕೆ. ತಂದೆಯವರು ತೀರಿಕೊಂಡ ಮೊದಲ ವರ್ಷ ಆ ಸ್ನೇಹಿತರು ಹುಡುಗನ ಖರ್ಚನ್ನೆಲ್ಲ ತಪ್ಪದೆ ನಡೆಸಿದರು. ಆಮೇಲೆ ತಮ್ಮ ಅಂಗಡಿಗೆ ಹಣದ ಅಡಚಣೆಯಾದಾಗ ಈ ಹಣವನ್ನೂ ಅದರಲ್ಲಿ ಹಾಕಿದರು. ಲಾಭ ಬಂದಾಗ ಸೇರಿಸಿ ಕೊಟ್ಟರಾಯಿತು ಎಂದುಕೊಂಡರು. ಅಂಗಡಿಯು ಮುಳುಗಿತು. ಎಷ್ಟು ಹಣ ತನ್ನದು, ಎಷ್ಟು ಹುಡುಗನದು ಎಂದು ಹೇಳಲು ಅವರಿಗೇ ತಿಳಿಯದೆ ಹೋಯಿತು. ಒಂಬತ್ತನೆಯ ಇಯತ್ತೆಯ ನಡುವಿನಲ್ಲಿ ಹುಡುಗನು ತಾಯಿಯೊಡನೆ ಊರಿಗೆ ಹೊರಟುಹೋದನು. ಹಾಜರಿ ಪುಸ್ತಕದಲ್ಲಿ ಅವನ ಹೆಸರಿನ ಮೇಲೆ ಗೆರೆ ಎಳೆದ ದಿನವನ್ನು ನಾವು ಮರೆತಿಲ್ಲ.

ಆ ಸ್ನೇಹಿತರು ದುಷ್ಟರೆಂದು ನಾವು ಹೇಳಲಾರೆವು. ಅಲ್ಲಿ ಪ್ರೀತಿಯಿತ್ತು, ನಂಬಿಕೆಯಿತ್ತು, ಇಲ್ಲದಿದ್ದುದು ವ್ಯವಸ್ಥೆ. ಆ ವ್ಯವಸ್ಥೆಯು ಹೇಗಿರಬೇಕಾಗಿತ್ತೆಂಬುದನ್ನು ತಿಳಿಯುವುದೇ ಈ ಪಾಠದ ಉದ್ದೇಶವು.

ನ್ಯಾಸದ ಲಕ್ಷಣ

ನಮ್ಮ ದೇಶದಲ್ಲಿ ಖಾಸಗಿ ನ್ಯಾಸಗಳಿಗೆ ಸಂಬಂಧಪಟ್ಟ ಮುಖ್ಯ ಕಾನೂನು ೧೮೮೨ನೆಯ ಇಸವಿಯ ಭಾರತೀಯ ನ್ಯಾಸ ಅಧಿನಿಯಮ. ಅದು ಆ ವರ್ಷದ ಮಾರ್ಚ್ ೧ರಂದು ಜಾರಿಗೆ ಬಂದು, ತಿದ್ದುಪಡಿಗಳೊಡನೆ ಇಂದಿಗೂ ನಡೆಯುತ್ತಿದೆ. ಅದರ ಮೂರನೆಯ ಕಲಮಿನ ಸಾರವನ್ನು ಹೀಗೆ ಹೇಳಬಹುದು: ಸ್ವತ್ತಿನ ಒಡೆತನಕ್ಕೆ ಅಂಟಿಕೊಂಡ ಒಂದು ಹೊಣೆಯೇ ನ್ಯಾಸ. ಆ ಹೊಣೆಯು ಒಬ್ಬನು ಇಟ್ಟ, ಇನ್ನೊಬ್ಬನು ಒಪ್ಪಿಕೊಂಡ ವಿಶ್ವಾಸದಿಂದ ಹುಟ್ಟತಕ್ಕದ್ದು. ಅದು ಪರರ ಹಿತಕ್ಕಾಗಿ, ಇಲ್ಲವೆ ಪರರ ಹಾಗೂ ಒಡೆಯನ ಹಿತಕ್ಕಾಗಿ ಇರತಕ್ಕದ್ದು.

ಇದರಲ್ಲಿ ಮೂವರು ಕಾಣಿಸಿಕೊಳ್ಳುವರು. ಸ್ವತ್ತನ್ನು ಕೊಟ್ಟು ವಿಶ್ವಾಸವನ್ನಿಡುವವನು ನ್ಯಾಸಕರ್ತ. ಅದನ್ನು ಒಪ್ಪಿಕೊಂಡು ನಡೆಸುವವನು ವಿಶ್ವಸ್ತ. ಇವನನ್ನೇ ಜನರು ಟ್ರಸ್ಟಿ ಎನ್ನುವರು. ಯಾರ ಹಿತಕ್ಕಾಗಿ ಇದೆಲ್ಲವೂ ನಡೆಯುವುದೋ ಅವನು ಫಲಾನುಭವಿ. ಕೊಟ್ಟುದು ನ್ಯಾಸದ ಸ್ವತ್ತು. ಷರತ್ತುಗಳನ್ನು ಬರೆದ ಕಾಗದವು ನ್ಯಾಸಪತ್ರ. ಮನೆಯು ದಾಖಲೆಯಲ್ಲಿ ವಿಶ್ವಸ್ತನ ಹೆಸರಿನಲ್ಲಿರುವುದು. ಅದರ ಬಾಡಿಗೆಯು ಫಲಾನುಭವಿಯ ಊಟಕ್ಕೂ ಪುಸ್ತಕಕ್ಕೂ ಸಲ್ಲುವುದು.

ಒಂದು ಕಲ್ಪಿತ ಉದಾಹರಣೆಯಿಂದ ಇದನ್ನು ಸ್ಪಷ್ಟಪಡಿಸೋಣ. ಒಬ್ಬ ಗೃಹಸ್ಥನಿಗೆ ಸ್ವಂತ ಸಂಪಾದನೆಯ ಒಂದು ಫ್ಲ್ಯಾಟೂ ಬ್ಯಾಂಕಿನಲ್ಲಿ ೨೦ ಲಕ್ಷ ರೂಪಾಯಿ ಠೇವಣಿಯೂ ಇವೆ. ಹೆಂಡತಿ, ೧೨ ವರ್ಷದ ಮಗ, ೮ ವರ್ಷದ ಮಗಳು ಅವನ ಕುಟುಂಬ. ಅವನು ತನ್ನ ಭಾವಮೈದುನನನ್ನೂ ಇಬ್ಬರು ಮಿತ್ರರನ್ನೂ ವಿಶ್ವಸ್ತರನ್ನಾಗಿ ಮಾಡಿ, ಬಾಡಿಗೆಯೂ ಬಡ್ಡಿಯೂ ಮನೆಯ ಖರ್ಚಿಗೆ ಹಾಗೂ ಮಕ್ಕಳ ವಿದ್ಯಾಭ್ಯಾಸಕ್ಕೆ ಸಲ್ಲಬೇಕು, ಮಗಳಿಗೆ ೨೧ ತುಂಬಿದ ಮೇಲೆ ಠೇವಣಿಯನ್ನು ಇಬ್ಬರು ಮಕ್ಕಳಿಗೂ ಸಮನಾಗಿ ಹಂಚಬೇಕು, ಫ್ಲ್ಯಾಟಿನ ಬಾಡಿಗೆಯು ಹೆಂಡತಿಗೆ ಬಾಳಿನುದ್ದಕ್ಕೂ ದೊರೆಯಬೇಕು, ಅನಂತರ ಫ್ಲ್ಯಾಟು ಮಕ್ಕಳಿಬ್ಬರಿಗೂ ಸೇರಬೇಕು ಎಂದು ಬರೆಯುವನು. ಇಲ್ಲಿ ಯಾವ ಹಣವು ಯಾರಿಗೆ, ಯಾವಾಗ, ಏತಕ್ಕೆ ಎಂಬುದೆಲ್ಲವೂ ನಿಶ್ಚಿತವಾಗಿದೆ.

ನ್ಯಾಸವು ಹುಟ್ಟುವ ಬಗೆ

ನ್ಯಾಸವು ಸಿದ್ಧವಾಗಬೇಕಾದರೆ ನಾಲ್ಕು ವಿಷಯಗಳು ಸಂದೇಹಕ್ಕೆಡೆಯಿಲ್ಲದೆ ತಿಳಿಯುವಂತಿರಬೇಕು. ನ್ಯಾಸವನ್ನು ಮಾಡಬೇಕೆಂಬ ಸಂಕಲ್ಪವು ಮೊದಲನೆಯದು. ಅದರ ಉದ್ದೇಶವು ಎರಡನೆಯದು. ಫಲಾನುಭವಿ ಯಾರೆಂಬುದು ಮೂರನೆಯದು. ಸ್ವತ್ತು ಯಾವುದೆಂಬುದು ನಾಲ್ಕನೆಯದು. ‘ನನ್ನ ಆಸ್ತಿಯಲ್ಲಿ ಒಂದಿಷ್ಟನ್ನು ಬಂಧುಗಳಿಗೆ ನೋಡಿ ಕೊಡಿರಿ’ ಎಂದರೆ ನ್ಯಾಸವಾಗದು. ಎಷ್ಟು, ಯಾರಿಗೆ ಎಂಬ ಎರಡೂ ಅಲ್ಲಿ ಅಸ್ಪಷ್ಟ. ಈ ನಾಲ್ಕರೊಡನೆ, ಉಯಿಲಿನ ಮೂಲಕ ಮಾಡಿದ ಅಥವಾ ಕರ್ತನೇ ವಿಶ್ವಸ್ತನಾಗಿ ನಿಂತ ಸಂದರ್ಭಗಳನ್ನು ಬಿಟ್ಟರೆ, ಸ್ವತ್ತನ್ನು ವಿಶ್ವಸ್ತನಿಗೆ ಒಪ್ಪಿಸಿಯೂ ಇರಬೇಕು. ಉದ್ದೇಶವು ನ್ಯಾಯಸಮ್ಮತವಾಗಿರಬೇಕೆಂದು ಬೇರೆ ಹೇಳಬೇಕಾಗಿಲ್ಲ. ಸಾಲ ಕೊಟ್ಟವರ ಕಣ್ಣಿಗೆ ಮಣ್ಣೆರಚಲು ಆಸ್ತಿಯನ್ನು ಹೀಗೆ ಸಾಗಿಸಿದವನಿಗೆ ಕಾನೂನಿನ ಆಶ್ರಯವು ದೊರೆಯದು.

ಸ್ಥಿರ ಸ್ವತ್ತು, ಚರ ಸ್ವತ್ತು ಎಂಬ ಭೇದವನ್ನು ಇಲ್ಲಿ ನೆನಪಿಡಬೇಕು. ಮನೆ, ಹೊಲ, ತೋಟ ಮೊದಲಾದ ಸ್ಥಿರ ಸ್ವತ್ತಿನ ನ್ಯಾಸವನ್ನು ಬದುಕಿರುವಾಗಲೇ ಮಾಡುವುದಾದರೆ ಅದು ಬರವಣಿಗೆಯಲ್ಲಿದ್ದು, ಸಹಿಯಾಗಿ, ನೋಂದಣಿಯಾಗಿರಬೇಕು. ಇಲ್ಲವೆ ಉಯಿಲಿನಲ್ಲಿ ಬರೆದಿರಬೇಕು. ಹಣ, ಒಡವೆ ಮೊದಲಾದ ಚರ ಸ್ವತ್ತನ್ನಾದರೋ ವಿಶ್ವಸ್ತನ ಒಡೆತನಕ್ಕೆ ಒಪ್ಪಿಸಿದರೆ ಬಾಯಿಮಾತಿನಿಂದಲೂ ನ್ಯಾಸವಾಗಬಹುದು.

ಹಾಗಾದರೆ ನಮ್ಮ ಹುಡುಗನ ತಂದೆಯವರು ಮಾಡಿದುದೂ ನ್ಯಾಸವೇ ಅಲ್ಲವೆ ಎಂದು ನೀವು ಕೇಳಬಹುದು. ಅಹುದು, ಅದೂ ನ್ಯಾಸವಾಗಬಲ್ಲುದು. ವಿಶ್ವಸ್ತನು ನ್ಯಾಸದ ಹಣವನ್ನು ತನ್ನ ಹಣದಲ್ಲಿ ಬೆರೆಸಿದರೆ, ತನಗೆ ಬರಬೇಕಾದಷ್ಟಕ್ಕೆ ಆ ಇಡೀ ಮೊತ್ತದ ಮೇಲೆ ಫಲಾನುಭವಿಗೆ ಹಕ್ಕುಂಟೆಂದೂ ಕಾನೂನು ಹೇಳುವುದು. ಆದರೆ ನ್ಯಾಯಾಲಯವು ಮೊದಲು ಕೇಳುವ ಪ್ರಶ್ನೆಗಳು ಬೇರೆ: ಎಷ್ಟು ಕೊಟ್ಟರು? ಎಂದು ಕೊಟ್ಟರು? ಏನೆಂದು ಹೇಳಿ ಕೊಟ್ಟರು? ಒಬ್ಬ ವಿಧವೆಯೂ ಒಬ್ಬ ಬಾಲಕನೂ ಇವಕ್ಕೆ ಏನು ರುಜುವಾತು ತರಬಲ್ಲರು? ಹಕ್ಕು ಇದ್ದರೆ ಸಾಲದು, ಅದನ್ನು ತೋರಿಸಲೂ ಬರಬೇಕು. ಒಂದು ಹಾಳೆ ಕಾಗದವು ಆ ಹುಡುಗನನ್ನು ನಮ್ಮ ವರ್ಗದಲ್ಲಿ ಉಳಿಸಬಹುದಾಗಿತ್ತು.

ಇನ್ನೊಂದು ಎಚ್ಚರಿಕೆ. ತನ್ನದಲ್ಲದುದನ್ನು ಯಾರೂ ನ್ಯಾಸಕ್ಕೆ ಕೊಡಲಾರರು. ಊರಿನ ಅವಿಭಕ್ತ ಕುಟುಂಬದ ಜಮೀನಿನಲ್ಲಿ ಅಣ್ಣತಮ್ಮಂದಿರಿಗೂ ಅಕ್ಕತಂಗಿಯರಿಗೂ ಪಾಲಿರುವಾಗ ಅದನ್ನೆಲ್ಲ ಒಬ್ಬನೇ ಬರೆದುಕೊಡಲಾಗದು. ಬಾಡಿಗೆಯ ಖೋಲಿಯಲ್ಲಿ ನಲವತ್ತು ವರ್ಷ ಬಾಳಿದವನೂ ಅದನ್ನು ಒಡೆಯನಂತೆ ನ್ಯಾಸದಲ್ಲಿ ಇರಿಸಲಾರನು.

ವಿಶ್ವಸ್ತನ ಧರ್ಮ

ವಿಶ್ವಸ್ತನಾಗಲು ಯಾರನ್ನೂ ಬಲಾತ್ಕರಿಸುವಂತಿಲ್ಲ. ಆದರೆ ಒಮ್ಮೆ ಒಪ್ಪಿಕೊಂಡ ಮೇಲೆ ಅವನು ಮನಬಂದಾಗ ಕೈತೊಳೆದುಕೊಳ್ಳಲಾರನು. ಅದಕ್ಕೆ ನ್ಯಾಯಾಲಯದ ಅನುಮತಿಯೋ, ವಯಸ್ಕರಾದ ಫಲಾನುಭವಿಗಳ ಸಮ್ಮತಿಯೋ, ನ್ಯಾಸಪತ್ರದಲ್ಲಿಯೇ ಕೊಟ್ಟ ಅಧಿಕಾರವೋ ಬೇಕು. ಅವನ ಕರ್ತವ್ಯಗಳಲ್ಲಿ ಮುಖ್ಯವಾದವು ಇವು:

೧. ಸಾಧಾರಣ ವಿವೇಕವುಳ್ಳ ಮನುಷ್ಯನು ತನ್ನ ಸ್ವತ್ತನ್ನು ನೋಡಿಕೊಳ್ಳುವಷ್ಟೇ ಎಚ್ಚರಿಕೆಯಿಂದ ನ್ಯಾಸದ ಸ್ವತ್ತನ್ನು ನೋಡಿಕೊಳ್ಳಬೇಕು. ಹಾಗೆ ನೋಡಿಕೊಂಡೂ ಹಾನಿಯಾದರೆ ಅವನು ಹೊಣೆಯಲ್ಲ. ನಿಯಮವನ್ನು ಮುರಿದು ಹಾನಿ ಮಾಡಿದರೆ ಅದನ್ನು ತುಂಬಿಕೊಡಬೇಕು.

೨. ಲೆಕ್ಕವನ್ನು ಸ್ಪಷ್ಟವಾಗಿ ಇಡಬೇಕು. ಫಲಾನುಭವಿಯು ಯುಕ್ತ ಕಾಲದಲ್ಲಿ ಕೇಳಿದರೆ ತೋರಿಸಬೇಕು.

೩. ಫಲಾನುಭವಿಗಳು ಹಲವರಿದ್ದರೆ ಪಕ್ಷಪಾತ ಮಾಡಬಾರದು. ಮಗನ ಕಾಲೇಜಿಗೆ ಹಣವಿದೆ, ಮಗಳ ಶಾಲೆಗೆ ಇಲ್ಲ ಎನ್ನಲು ಅವನಿಗೆ ಅಧಿಕಾರವಿಲ್ಲ.

೪. ನ್ಯಾಸಪತ್ರದಲ್ಲಿ ಹೇಳದಿದ್ದರೆ, ಒಪ್ಪಂದವೂ ನ್ಯಾಯಾಲಯದ ಆಜ್ಞೆಯೂ ಇಲ್ಲದಿದ್ದರೆ, ತನ್ನ ಶ್ರಮಕ್ಕೆ ಸಂಬಳವನ್ನು ತೆಗೆದುಕೊಳ್ಳಬಾರದು.

೫. ನ್ಯಾಸದ ಸ್ವತ್ತಿನಿಂದ ತಾನು ಲಾಭ ಪಡೆಯಬಾರದು. ಅದನ್ನು ಮಾರುವ ಕರ್ತವ್ಯವು ತನ್ನ ಮೇಲೆ ಬಂದಾಗ ತಾನೇ ಕೊಳ್ಳಬಾರದು.

ಈ ಐದನೆಯದು ಎಷ್ಟು ಕಠಿಣವಾದ ನಿಯಮವೆಂಬುದನ್ನು ತಿಳಿಯಲು ಇಂಗ್ಲೆಂಡಿನ ಒಂದು ಹಳೆಯ ಮೊಕದ್ದಮೆಯನ್ನು ನೋಡಬೇಕು. ಭಾರತೀಯ ಅಧಿನಿಯಮದ ತತ್ತ್ವಗಳು ಬಹುಮಟ್ಟಿಗೆ ಆ ದೇಶದಿಂದ ಬಂದವು. ಅಲ್ಲಿಯ ಸಾಮಾನ್ಯ ನ್ಯಾಯಾಲಯಗಳು ಹಿಂದೆ ದಾಖಲೆಯಲ್ಲಿ ಹೆಸರಿದ್ದವನನ್ನೇ ಒಡೆಯನೆಂದು ಎಣಿಸುತ್ತಿದ್ದವು. ನಂಬಿ ಭೂಮಿಯನ್ನು ಒಪ್ಪಿಸಿ ಮೋಸಹೋದವರು ರಾಜನ ಮಂತ್ರಿಯಾದ ಚಾನ್ಸಲರನಲ್ಲಿ ಮೊರೆಯಿಡುತ್ತಿದ್ದರು. ಕಾಗದವು ಏನೇ ಹೇಳಲಿ, ಅಂತಃಸಾಕ್ಷಿಯು ಏನು ಹೇಳುವುದು ಎಂದು ಕೇಳಿದ ಆ ಚಾನ್ಸಲರನ ನ್ಯಾಯಾಲಯದಲ್ಲಿಯೇ ಇಂದಿನ ನ್ಯಾಸದ ಕಾನೂನು ಬೆಳೆಯಿತು.

೧೭೨೬ರಲ್ಲಿ ತೀರ್ಮಾನವಾದ ಕೀಚ್ ಮತ್ತು ಸ್ಯಾಂಡ್‌ಫರ್ಡ್ ಎಂಬವರ ಮೊಕದ್ದಮೆಯು ಲಂಡನ್ನಿನ ಸಮೀಪದ ರಮ್‌ಫರ್ಡ್ ಸಂತೆಗೆ ಸಂಬಂಧಪಟ್ಟುದು. ಆ ಸಂತೆಯ ಗೇಣಿಯನ್ನು ಒಬ್ಬ ವಿಶ್ವಸ್ತನು ಒಂದು ಮಗುವಿಗಾಗಿ ಹಿಡಿದಿದ್ದನು. ಅವಧಿ ಮುಗಿಯುವಾಗ, ಗೇಣಿಯನ್ನು ಮಗುವಿನ ಪರವಾಗಿ ಮುಂದುವರಿಸಬೇಕೆಂದು ಅವನು ಸಂತೆಯ ಒಡೆಯನನ್ನು ಕೇಳಿದನು. ಮಗುವಿಗೆ ಕೊಡೆನೆಂದು ಒಡೆಯನು ನಿರಾಕರಿಸಿದನು. ಆಗ ವಿಶ್ವಸ್ತನು ಅದನ್ನು ತನ್ನ ಹೆಸರಿಗೇ ಪಡೆದನು. ಇಲ್ಲಿ ಕಪಟವೇನೂ ಇರಲಿಲ್ಲ. ಮಗುವಿಗೆ ಹೇಗೂ ದೊರೆಯದ ಗೇಣಿಯದು. ಆದರೂ ಚಾನ್ಸಲರನಾಗಿದ್ದ ಲಾರ್ಡ್ ಕಿಂಗ್, ಆ ಗೇಣಿಯೂ ಅದರ ಲಾಭವೂ ಮಗುವಿಗೇ ಸೇರಬೇಕೆಂದು ತೀರ್ಪಿತ್ತನು. ಲೋಕದಲ್ಲಿ ಬೇರೆ ಯಾರು ಬೇಕಾದರೂ ಆ ಗೇಣಿಯನ್ನು ಪಡೆಯಬಹುದು, ವಿಶ್ವಸ್ತನೊಬ್ಬನೇ ಪಡೆಯಬಾರದು ಎಂಬುದು ಕಠಿಣವಾಗಿ ತೋರಬಹುದೆಂದು ಅವನೇ ಒಪ್ಪಿಕೊಂಡನು. ಹಾಗಿದ್ದೂ ನಿಯಮವನ್ನು ಸಡಿಲಿಸಲಿಲ್ಲ. ಏಕೆಂದರೆ, ಒಮ್ಮೆ ಸಡಿಲಿಸಿದರೆ, ಮಗುವಿಗಾಗಿ ಒಡೆಯನನ್ನು ಮನಸ್ಸಿಟ್ಟು ಕೇಳುವ ವಿಶ್ವಸ್ತರು ವಿರಳವಾಗುವರು. ‘ಕೇಳಿದೆ, ಕೊಡಲಿಲ್ಲ’ ಎಂಬ ಮಾತು ಸುಲಭವಾಗುವುದು. ಮುನ್ನೂರು ವರ್ಷಗಳಾಗುತ್ತ ಬಂದರೂ ಕಾನೂನನ್ನು ಓದುವವರು ಈ ತೀರ್ಪನ್ನು ಇನ್ನೂ ಓದುತ್ತಿರುವರು.

ನಮ್ಮ ಅಂಗಡಿಯ ಸ್ನೇಹಿತರ ತಪ್ಪು ಎಲ್ಲಿತ್ತೆಂಬುದು ಈಗ ವಿಶದವಾಗುವುದಷ್ಟೆ. ಲಾಭ ಬಂದರೆ ಸೇರಿಸಿ ಕೊಡುವೆನೆಂಬ ಸದುದ್ದೇಶವು ಅವರನ್ನು ಕಾಪಾಡಲಾರದು. ಮಗುವಿನ ಹಣವು ತನ್ನ ಗಲ್ಲಾಪೆಟ್ಟಿಗೆಯನ್ನು ಸೇರಿದ ದಿನವೇ ತಪ್ಪಾಯಿತು.

ಉಯಿಲು, ಪಾಲಕತ್ವ, ನಾಮನಿರ್ದೇಶನ

ಇಷ್ಟೆಲ್ಲ ಏಕೆ, ಒಂದು ಉಯಿಲು ಬರೆದರೆ ಸಾಲದೆ ಎಂದು ಕೇಳುವವರುಂಟು. ಮೃತ್ಯುಪತ್ರವೆಂದೂ ಕರೆಯುವ ಉಯಿಲಿಗೆ ೧೯೨೫ರ ಭಾರತೀಯ ಉತ್ತರಾಧಿಕಾರ ಅಧಿನಿಯಮದಂತೆ ಇಬ್ಬರು ಸಾಕ್ಷಿಗಳು ಬೇಕು. ಅದು ಬರೆದವನ ಮರಣಾನಂತರವೇ ಫಲಿಸುವುದು. ಬದುಕಿರುವತನಕ ಅವನು ಅದನ್ನು ಬದಲಿಸಬಹುದು. ಮಕ್ಕಳು ದೊಡ್ಡವರಾಗಿ ತಮ್ಮ ವ್ಯವಹಾರವನ್ನು ತಾವೇ ನೋಡಿಕೊಳ್ಳಬಲ್ಲ ಕುಟುಂಬಕ್ಕೆ ಅನೇಕ ವೇಳೆ ಅಷ್ಟೇ ಸಾಕು. ಉಯಿಲೇ ಇಲ್ಲದೆ ಹಿಂದೂ ಪುರುಷನು ತೀರಿಕೊಂಡರೆ ೧೯೫೬ರ ಹಿಂದೂ ಉತ್ತರಾಧಿಕಾರ ಅಧಿನಿಯಮದಂತೆ ಅವನ ಹೆಂಡತಿ, ಮಕ್ಕಳು, ತಾಯಿ ಮೊದಲಾದ ಪ್ರಥಮ ವರ್ಗದ ವಾರಸುದಾರರಿಗೆ ಆಸ್ತಿಯು ಹೋಗುವುದು. ಯಾರಿಗೆ ಎಷ್ಟು ಎಂಬುದನ್ನು ಕಾನೂನು ಹೇಳುವುದು. ಆ ಪಾಲನ್ನು ಚಿಕ್ಕ ಮಗುವಿಗಾಗಿ ದಿನದಿನವೂ ಹೇಗೆ ಖರ್ಚು ಮಾಡಬೇಕೆಂಬುದನ್ನು ಹೇಳದು.

ಮಗುವಿಗೆ ಪಾಲಕರಿರುವರು, ನಿಜ. ಆದರೆ ಅದೇ ೧೯೫೬ರ ಅಪ್ರಾಪ್ತವಯಸ್ಕತೆ ಮತ್ತು ಪಾಲಕತ್ವ ಅಧಿನಿಯಮದಂತೆ, ಮಗುವಿನ ಸ್ಥಿರ ಸ್ವತ್ತನ್ನು ಮಾರಲು ಸ್ವಾಭಾವಿಕ ಪಾಲಕರೂ ನ್ಯಾಯಾಲಯದ ಅನುಮತಿಯನ್ನು ಪಡೆಯಬೇಕು. ಮತ್ತು ೧೮ ತುಂಬಿದೊಡನೆ ಪಾಲಕರ ಅಧಿಕಾರವು ಮುಗಿಯುವುದು. ಬುದ್ಧಿಯ ಬೆಳವಣಿಗೆ ಕುಂಠಿತವಾಗಿ, ಎಷ್ಟು ವಯಸ್ಸಾದರೂ ತನ್ನ ವ್ಯವಹಾರವನ್ನು ತಾನು ನೋಡಿಕೊಳ್ಳಲಾರದ ಮಗುವಿನ ತಂದೆತಾಯಿಗಳನ್ನು ನೆನೆಯಿರಿ. ‘ನಮ್ಮ ಅನಂತರ ಇವನಿಗೆ ಯಾರು?’ ಎಂಬ ಅವರ ಪ್ರಶ್ನೆಗೆ ನ್ಯಾಸವು ಕೊಡುವಂತಹ ಉತ್ತರವನ್ನು ಬರಿಯ ಉಯಿಲು ಕೊಡಲಾರದು. ಒಬ್ಬ ವಿಶ್ವಸ್ತನು ತೀರಿಕೊಂಡರೆ ಉಳಿದವರು ನಡೆಸುವರು. ಯಾರೂ ಇಲ್ಲದಾದರೆ ಹೊಸಬರನ್ನು ನೇಮಿಸಬಹುದು, ಬೇಕಾದರೆ ನ್ಯಾಯಾಲಯವೇ ನೇಮಿಸುವುದು.

ಬ್ಯಾಂಕಿನಲ್ಲಿ ನಾಮನಿರ್ದೇಶನ ಮಾಡಿದುದರಿಂದ ಎಲ್ಲವೂ ಮುಗಿಯಿತೆಂಬ ಭ್ರಮೆಯೂ ನಮ್ಮ ಜನರಲ್ಲಿದೆ. ಠೇವಣಿಯ ವಿಷಯದಲ್ಲಿ ಹೆಸರಿಸಲ್ಪಟ್ಟವನು ಹಣವನ್ನು ಪಡೆದುಕೊಳ್ಳಲು ಅರ್ಹನು, ಅಷ್ಟೆ. ಅಷ್ಟರಿಂದಲೇ ಅದರ ಒಡೆಯನಾಗನು. ವಾರಸುದಾರರ ಹಕ್ಕು ಉಳಿದೇ ಇರುವುದು.

ಸಾಮಾನ್ಯ ಕುಟುಂಬದ ನ್ಯಾಸ

ನ್ಯಾಸವು ಸಿರಿವಂತರ ಸೊತ್ತಲ್ಲವೆಂದು ಮೊದಲೇ ಹೇಳಿದೆವು. ಅದಕ್ಕೆ ಒಂದು ನಿದರ್ಶನ. ೧೮೭೪ರ ವಿವಾಹಿತ ಸ್ತ್ರೀಯರ ಸ್ವತ್ತಿನ ಅಧಿನಿಯಮದ ಆರನೆಯ ಕಲಮಿನಲ್ಲಿ ಒಂದು ಬೆಲೆಬಾಳುವ ಸೌಲಭ್ಯವಿದೆ. ವಿವಾಹಿತನಾದ ಪುರುಷನು ತನ್ನ ಜೀವದ ಮೇಲೆ ವಿಮೆಯನ್ನು ಮಾಡಿಸುವಾಗ, ಅದು ತನ್ನ ಹೆಂಡತಿಯ, ಮಕ್ಕಳ, ಅಥವಾ ಇಬ್ಬರ ಹಿತಕ್ಕಾಗಿಯೆಂದು ಪಾಲಿಸಿಯ ಮೇಲೆಯೇ ಬರೆಯಿಸಿದರೆ, ಬೇರೆ ನ್ಯಾಸಪತ್ರವಿಲ್ಲದೆಯೇ ಆ ಪಾಲಿಸಿಯು ಅವರ ನ್ಯಾಸವಾಗುವುದು. ಅವರ ಹಿತವು ಉಳಿದಿರುವತನಕ ಅದು ಗಂಡನ ಅಧೀನದಲ್ಲಿ ಇರದು. ಅವನಿಗೆ ಸಾಲ ಕೊಟ್ಟವರೂ ಸಾಮಾನ್ಯವಾಗಿ ಅದನ್ನು ಮುಟ್ಟಲಾರರು. ಸಾಲ ವಂಚನೆಗಾಗಿಯೇ ಹಾಗೆ ಮಾಡಿದ್ದರೆ ಮಾತು ಬೇರೆ. ೧೯೨೩ರ ತಿದ್ದುಪಡಿಯಿಂದ ಈ ಸೌಲಭ್ಯವು ಹಿಂದೂ, ಮುಸಲ್ಮಾನ ಮೊದಲಾದವರಿಗೂ ಸಂದೇಹವಿಲ್ಲದೆ ಅನ್ವಯಿಸಿತು. ಹೋಟೆಲಿನ, ಗಿರಣಿಯ, ಕಚೇರಿಯ ಸಾಮಾನ್ಯ ದುಡಿಮೆಗಾರನೂ ವಿಮೆಯ ಅರ್ಜಿಯನ್ನು ತುಂಬುವ ಹೊತ್ತಿನಲ್ಲಿ ಮಾಡಬಹುದಾದ ಕೆಲಸವಿದು. ಪಾಲಿಸಿಯು ಕೈಗೆ ಬಂದ ಮೇಲೆ ನೆನಪಾದರೆ ತಡವಾಯಿತು.

ಇದುವರೆಗೆ ಹೇಳಿದುದು ಗೊತ್ತಾದ ವ್ಯಕ್ತಿಗಳ ಹಿತಕ್ಕಾಗಿ ಇರುವ ಖಾಸಗಿ ನ್ಯಾಸ. ವಿದ್ಯೆ, ವೈದ್ಯ, ಧರ್ಮ ಮೊದಲಾದವಕ್ಕಾಗಿ ಜನರೆಲ್ಲರ ಹಿತವನ್ನು ಉದ್ದೇಶಿಸಿದುದು ಸಾರ್ವಜನಿಕ ನ್ಯಾಸ. ೧೯೧೮ರಲ್ಲಿ ತೀರಿಕೊಂಡ ಸರ್ ರತನ್ ಟಾಟಾ ಅವರ ಉಯಿಲಿನಂತೆ ೧೯೧೯ರಲ್ಲಿ ನಮ್ಮ ಈ ಮುಂಬಯಿಯಲ್ಲಿ ಅವರ ಹೆಸರಿನ ನ್ಯಾಸವು ಸ್ಥಾಪಿತವಾಯಿತು. ಇಂತಹವುಗಳಿಗೆ ಮಹಾರಾಷ್ಟ್ರದಲ್ಲಿ ೧೯೫೦ರ ಸಾರ್ವಜನಿಕ ನ್ಯಾಸಗಳ ಅಧಿನಿಯಮವಿದ್ದು, ಧರ್ಮಾದಾಯ ಆಯುಕ್ತರ ಮೇಲ್ವಿಚಾರಣೆಯಿದೆ. ಸಾರ್ವಜನಿಕ ನ್ಯಾಸವು ಎಷ್ಟು ತಲೆಮಾರು ಬೇಕಾದರೂ ಬಾಳಬಹುದು. ಖಾಸಗಿ ನ್ಯಾಸದಿಂದ ಆಸ್ತಿಯನ್ನು ಮೊಮ್ಮಕ್ಕಳ ಮೊಮ್ಮಕ್ಕಳವರೆಗೆ ಕಟ್ಟಿಹಾಕಲು ಕಾನೂನು ಬಿಡದು.

ಎಲ್ಲ ಕುಟುಂಬಗಳಿಗೂ ನ್ಯಾಸಪತ್ರವು ಬೇಕೆಂದು ನಮ್ಮ ಮತವಲ್ಲ. ಅದಕ್ಕೆ ಮುದ್ರಾಂಕದ ಹಾಗೂ ನೋಂದಣಿಯ ಖರ್ಚುಂಟು, ವರ್ಷವರ್ಷದ ಲೆಕ್ಕದ ಕೆಲಸವುಂಟು. ಬದುಕಿರುವಾಗ ಮಾಡಿದ ನ್ಯಾಸವನ್ನು, ಹಿಂತೆಗೆಯುವ ಅಧಿಕಾರವನ್ನು ಅದರಲ್ಲಿಯೇ ಇರಿಸಿಕೊಳ್ಳದಿದ್ದರೆ, ಆಮೇಲೆ ಮನಸ್ಸು ಬದಲಾಯಿತೆಂದು ಅಳಿಸಿಹಾಕಲಾಗದು. ಎಲ್ಲಕ್ಕಿಂತ ಕಷ್ಟವಾದುದು ಯೋಗ್ಯನಾದ ವಿಶ್ವಸ್ತನನ್ನು ಆರಿಸುವುದು. ಸಾಲದಲ್ಲಿ ಮುಳುಗಿದವನೂ, ಮಗುವಿನ ಹಿತಕ್ಕೆ ಎದುರಾದ ಹಿತವುಳ್ಳವನೂ ಎಷ್ಟೇ ಪ್ರೀತಿಪಾತ್ರನಾಗಿದ್ದರೂ ತಕ್ಕವನಲ್ಲ. ಒಬ್ಬನಿಗಿಂತ ಇಬ್ಬರು ಮೂವರಿರುವುದು ಮೇಲು. ಬರೆಯುವ ಮುನ್ನ ತಿಳಿದ ವಕೀಲರನ್ನು ಕೇಳುವುದು ಅವಶ್ಯ.

ಉಪಸಂಹಾರ

ವಿದ್ಯಾರ್ಥಿಗಳೇ, ನೀವು ಇಂದು ನ್ಯಾಸಕರ್ತರಲ್ಲ. ನಿಮ್ಮಲ್ಲಿ ಬಹುಮಂದಿ ಇನ್ನೂ ಹದಿನೆಂಟನ್ನು ಮುಟ್ಟಿಲ್ಲ. ಆದರೆ ನಾಳೆ ನಿಮ್ಮಲ್ಲೊಬ್ಬರ ಕೈಹಿಡಿದು, ‘ನನ್ನ ಮಗುವನ್ನು ನೋಡಿಕೋ’ ಎಂದು ಒಬ್ಬ ಸ್ನೇಹಿತನು ಹೇಳಬಹುದು. ಆಗ ಕಣ್ಣೀರನ್ನು ಒರೆಸಿಕೊಂಡು, ಮೊದಲು ಒಂದು ಕಾಗದವನ್ನು ತರಿಸಿರಿ. ಅದನ್ನು ಕೇಳುವುದು ಅಪನಂಬಿಕೆಯಲ್ಲ. ಕೊಟ್ಟವನ ನಂಬಿಕೆಗೆ ಕಾವಲು.

ಭರತನ ಕಥೆಯ ಕೊನೆಯನ್ನು ನಾವಿನ್ನೂ ಹೇಳಲಿಲ್ಲ. ಹದಿನಾಲ್ಕು ವರ್ಷಗಳ ಅನಂತರ ರಾಮನು ಮರಳಿದಾಗ ಭರತನು ಪಾದುಕೆಗಳನ್ನು ಅಣ್ಣನ ಕಾಲಿಗೆ ತೊಡಿಸಿ ರಾಜ್ಯವನ್ನು ಒಪ್ಪಿಸಿದನು. ಅಷ್ಟಕ್ಕೇ ನಿಲ್ಲದೆ, ಬೊಕ್ಕಸವನ್ನೂ ಕಣಜವನ್ನೂ ಸೈನ್ಯವನ್ನೂ ನೋಡಿಕೋ, ಅವು ಹತ್ತು ಮಡಿಯಾಗಿವೆ ಎಂದು ತೋರಿಸಿದನು. ಅಣ್ಣನು ಲೆಕ್ಕವನ್ನು ಕೇಳಿರಲಿಲ್ಲ. ಕೇಳದಿದ್ದರೂ ಒಪ್ಪಿಸಿದನು.

ಅಭ್ಯಾಸ

೧. ನ್ಯಾಸಕರ್ತ, ವಿಶ್ವಸ್ತ, ಫಲಾನುಭವಿ ಇವರ ಭೇದವನ್ನು ಸ್ವಂತ ಉದಾಹರಣೆಯೊಂದಿಗೆ ಬರೆಯಿರಿ.
೨. ರಮ್‌ಫರ್ಡ್ ಸಂತೆಯ ವಿಶ್ವಸ್ತನು ಕಪಟಿಯಲ್ಲದಿದ್ದರೂ ಏಕೆ ಸೋತನು?
೩. ‘ನನ್ನ ಒಡವೆಗಳಲ್ಲಿ ಕೆಲವನ್ನು ಒಳ್ಳೆಯವರಿಗೆ ಕೊಡಿರಿ’ ಎಂಬ ಮಾತಿನಿಂದ ನ್ಯಾಸವಾಗುವುದೆ? ಕಾರಣ ಕೊಡಿರಿ.
೪. ನಿಮ್ಮ ಮನೆಯಲ್ಲಿ ವಿಮೆಯ ಪಾಲಿಸಿಯಿದ್ದರೆ, ಅದು ಯಾರ ಹಿತಕ್ಕಾಗಿ ಇದೆಯೆಂದು ಅದರಲ್ಲಿ ಬರೆದಿದೆಯೇ? ಹಿರಿಯರನ್ನು ಕೇಳಿ ತಿಳಿಯಿರಿ.